ಇಪ್ಪತ್ತೊಂದೋ, ಏಕವೀಸೋ?

ಮುಂಬಯಿಯ ಸಯನ್ ಮರಾಠಿಗರ ಬಾಯಲ್ಲಿ ಇಂದಿಗೂ ‘ಶೀವ್’. ಶೀವ್ ಎಂದರೆ ಊರಿನ ಎಲ್ಲೆ. ಹಿಂದೆ ಮುಂಬಯಿ ದ್ವೀಪ ಇಲ್ಲಿಗೆ ಮುಗಿದು, ಆಚೆಗೆ ಸಾಷ್ಟಿ ದ್ವೀಪ ಶುರುವಾಗುತ್ತಿತ್ತು. ಮಾಟುಂಗಾ, ಸಯನ್, ಧಾರಾವಿಗಳಲ್ಲಿ ಕನ್ನಡಿಗರು ನೆಲೆಸಿದ ಮೇಲೆ ಅವರ ಮಕ್ಕಳು ಇನ್ನೊಂದು ಎಲ್ಲೆಯನ್ನೂ ದಿನವೂ ದಾಟತೊಡಗಿದರು: ಮನೆಯೊಳಗೆ ‘ಇಪ್ಪತ್ತೊಂದು’, ಬೀದಿಯಲ್ಲಿ ‘ಏಕವೀಸ್’.

ಎರಡೂ 21ರ ಹೆಸರುಗಳೇ. ಆದರೆ ಕಲಿಯುವ ಮಗುವಿಗೆ ಎರಡೂ ಒಂದೇ ಅಲ್ಲ. ಕನ್ನಡದಲ್ಲಿ ಇಪ್ಪತ್ತು ಮೊದಲು, ಒಂದು ಆಮೇಲೆ. ಅಂಕಿಯಲ್ಲೂ ಅದೇ ಕ್ರಮ. ಮರಾಠಿಯಲ್ಲಿ ಬಿಡಿ ಮೊದಲು, ಹತ್ತು ಆಮೇಲೆ. ‘ತೇವೀಸ್’ ಎಂದು ಕೇಳಿದ ಮಗು ಮೊದಲು ಮೂರನ್ನೇ ಹಿಡಿದರೆ 23 ಹೋಗಿ 32 ಆಗುತ್ತದೆ. 29 ಕನ್ನಡದಲ್ಲಿ ನೇರವಾಗಿ ಇಪ್ಪತ್ತೊಂಬತ್ತು. ಮರಾಠಿಯಲ್ಲಿ ಅದು ‘ಏಕೋಣತೀಸ್’, ಅಂದರೆ ಮೂವತ್ತಕ್ಕೆ ಒಂದು ಕಡಿಮೆ. ಇನ್ನೂ ಕಳೆಯುವ ಲೆಕ್ಕ ಕಲಿಯದ ಮಗುವಿಗೆ ಹೆಸರೇ ಕಳೆಯುವ ಲೆಕ್ಕ!

2019ರಲ್ಲಿ ಮಹಾರಾಷ್ಟ್ರದ ಪಠ್ಯಪುಸ್ತಕ ಸಂಸ್ಥೆ ಬಾಲಭಾರತಿ, ಎರಡನೇ ತರಗತಿಯ ಗಣಿತ ಪುಸ್ತಕದಲ್ಲಿ ಹಳೆಯ ಹೆಸರುಗಳ ಜೊತೆಗೆ ‘ವೀಸ್ ಏಕ್’ ಎಂಬ ಬಗೆಯ ಹೆಸರುಗಳನ್ನೂ ಕೊಟ್ಟಿತು. ಅದರ ಹಿಂದಿದ್ದವರು ಗಣಿತಜ್ಞೆ ಮಂಗಳಾ ನಾರಳೀಕರ್. ಹೇಳುವ ಕ್ರಮ, ಬರೆಯುವ ಕ್ರಮ ಒಂದಾದರೆ ಚಿಕ್ಕವರಿಗೆ ಹಗುರ, ದಕ್ಷಿಣದ ಭಾಷೆಗಳಲ್ಲಿ ಹಾಗೆಯೇ ಇದೆ ಎಂಬುದು ಅವರ ವಾದ. ಭಾಷೆ ಕೆಡುತ್ತದೆ ಎಂಬ ಕೂಗು ಎದ್ದಿತು. ಚರ್ಚೆ ವಿಧಾನಸಭೆಯನ್ನೂ ಮುಟ್ಟಿತು. ಬಾಲಭಾರತಿ ಕನ್ನಡ ಮಾಧ್ಯಮಕ್ಕೂ ಪುಸ್ತಕ ಹೊರತರುತ್ತದೆ. ಆದರೆ ಕನ್ನಡಕ್ಕೆ ಈ ತಿದ್ದುಪಡಿ ಬೇಕಿರಲಿಲ್ಲ.

ಇಂಥ ಬದಲಾವಣೆ ಹೊಸದೂ ಅಲ್ಲ. ನಾರ್ವೆ ದೇಶ 1951ರಲ್ಲಿ ‘ಒಂದು ಮತ್ತು ಇಪ್ಪತ್ತು’ ಎನ್ನುವ ರೂಢಿ ಬಿಟ್ಟು ‘ಇಪ್ಪತ್ತೊಂದು’ ಎನ್ನಬೇಕೆಂದು ಗೊತ್ತುಮಾಡಿತು. ಒತ್ತಾಯ ಬಂದದ್ದು ಶಾಲೆಯಿಂದಲ್ಲ, ಟೆಲಿಫೋನ್ ಇಲಾಖೆಯಿಂದ. ಆದರೂ ಹಳಬರ ಬಾಯಲ್ಲಿ ಹಳೆಯ ಎಣಿಕೆ ದಶಕಗಳ ಕಾಲ ಉಳಿಯಿತು. 1987ರಲ್ಲಿ ಕೆವಿನ್ ಮಿಲ್ಲರ್, ಜೇಮ್ಸ್ ಸ್ಟಿಗ್ಲರ್ ಚೀನೀ ಮತ್ತು ಅಮೆರಿಕನ್ ಮಕ್ಕಳ ಎಣಿಕೆಯನ್ನು ಹೋಲಿಸಿದರು. ಹನ್ನೊಂದನ್ನು ‘ಹತ್ತು ಒಂದು’ ಎನ್ನುವ ಚೀನೀ ಮಕ್ಕಳಿಗಿಂತ ಅಮೆರಿಕದ ಮಕ್ಕಳು ಹತ್ತು ದಾಟಿದೊಡನೆ ಹೆಚ್ಚು ಎಡವಿದ್ದರು.

ಕನ್ನಡದ ದಾರಿಯಲ್ಲೂ ಕಲ್ಲುಗಳಿವೆ. ‘ಹನ್ನೊಂದು’, ‘ಹದಿಮೂರು’ಗಳಲ್ಲಿ ಹತ್ತು ಮರೆಯಾಗಿದೆ, ಒಂಬತ್ತು, ತೊಂಬತ್ತು ಕಿವಿಗೆ ಹತ್ತಿರ. ಹೆಸರು ನೇರವಾಗಿದ್ದ ಮಾತ್ರಕ್ಕೆ ಲೆಕ್ಕ ಬಾರದು. ಹುಣಸೆ ಬೀಜವನ್ನು ಹತ್ತರ ಗುಂಪು ಮಾಡಿ, ಎರಡು ಗುಂಪು, ಮೇಲೊಂದು ಬಿಡಿ ಎಂದು ಕೈಯಿಂದ ಎಣಿಸಿದಾಗಲೇ ‘ಇಪ್ಪತ್ತೊಂದು’ ಅರ್ಥವಾಗುವುದು.

ಇಂದು ಮುಂಬಯಿಯ ಬಹಳಷ್ಟು ಕನ್ನಡ ಮನೆಗಳ ಮಕ್ಕಳು ಇಂಗ್ಲಿಷ್ ಶಾಲೆಗೆ ಹೋಗುತ್ತಾರೆ. ಅಲ್ಲಿ ‘ಥರ್ಟೀನ್’, ‘ಥರ್ಟಿ’ ಗೊಂದಲ ಕಾದಿರುತ್ತದೆ. ಅಜ್ಜಿ ಮೆಟ್ಟಿಲು ಹತ್ತಿಸುತ್ತ ಹದಿಮೂರು, ಮೂವತ್ತು ಎಂದು ಕನ್ನಡದಲ್ಲಿ ಎಣಿಸಿದರೆ ಎರಡರ ನಡುವಿನ ಅಂತರ ಕಿವಿಗೇ ತಿಳಿಯುತ್ತದೆ. ಕನ್ನಡ ಶಾಲೆ ಇರಲಿ ಬಿಡಲಿ, ಆ ಎಣಿಕೆಯನ್ನು ಮನೆಯಲ್ಲಿ ಉಳಿಸಿಕೊಳ್ಳಲು ಯಾವ ಸಮಿತಿಯೂ ಬೇಕಿಲ್ಲ.