ಏಟು ತಡೆಯದ ಕವಚ

1278ರಲ್ಲಿ ಇಂಗ್ಲೆಂಡಿನ ದೊರೆ ಒಂದನೆಯ ಎಡ್ವರ್ಡ್ ವಿಂಡ್ಸರ್‌ನ ಉದ್ಯಾನದಲ್ಲಿ ಒಂದು ಕಾಳಗದ ಪಂದ್ಯ ನಡೆಸಿದ. 38 ವೀರರಿಗೆ ಬೇಕಾದ ಸಜ್ಜನ್ನು ಅರಮನೆಯ ವತಿಯಿಂದಲೇ ಮಾಡಿಸಲಾಯಿತು. ಆಗ ಕೊಂಡ ಸಾಮಾನುಗಳ ಪಟ್ಟಿ ಇಂದಿಗೂ ಉಳಿದಿದೆ, ಓದಿದವರಿಗೆ ಅಚ್ಚರಿಯಾಗುವಂತಿದೆ. ಕವಚಗಳು ಚರ್ಮದವು. ಶಿರಸ್ತ್ರಾಣಗಳೂ ಚರ್ಮದವೇ, ಪ್ರತಿಷ್ಠಿತರ ಶಿರಸ್ತ್ರಾಣಕ್ಕೆ ಚಿನ್ನದ ಲೇಪ, ಉಳಿದವರದಕ್ಕೆ ಬೆಳ್ಳಿಯದು. ಕತ್ತಿಗಳನ್ನು ಮಾಡಿದ್ದು ತಿಮಿಂಗಿಲದ ಬಾಯಲ್ಲಿರುವ ಬಳುಕುವ ಪಟ್ಟಿಗಳಿಂದ ಮತ್ತು ಹದ ಮಾಡಿದ ಚರ್ಮದ ಹಾಳೆಗಳಿಂದ. ಮೇಲೆ ಬೆಳ್ಳಿಯ ಹೊಳಪು ಕೊಟ್ಟಿದ್ದರು.

ಎಡ್ವರ್ಡ್ ನಿಜವಾದ ಯುದ್ಧವನ್ನು ಚೆನ್ನಾಗಿ ಬಲ್ಲವನು. ಧರ್ಮಯುದ್ಧಕ್ಕೆ ಹೋಗಿ ಬಂದವನು. ಮರಳುವ ದಾರಿಯಲ್ಲಿ ಫ್ರಾನ್ಸಿನ ಶಾಲೋಂ ಬಳಿ ಅವನು ಪಾಲ್ಗೊಂಡ ಪಂದ್ಯವೊಂದು ಕೈಮೀರಿ ಹೋಗಿ, ರಕ್ತ ಹರಿಯುವ ಹೊಡೆದಾಟವೇ ಆಗಿಬಿಟ್ಟಿತ್ತು. ವಿಂಡ್ಸರ್‌ನಲ್ಲಿ ಅವನಿಗೆ ಬೇಕಾಗಿದ್ದುದು ವೀರರಂತೆ ಕಾಣುವ ವೀರರು, ಸಂಜೆ ಜೀವಸಹಿತ ಊಟಕ್ಕೆ ಕುಳಿತುಕೊಳ್ಳುವ ವೀರರು.

ಕವಚದ ಇತಿಹಾಸ ಬರೆಯುವವರು ಸಾಮಾನ್ಯವಾಗಿ ಉಕ್ಕಿನ ಕಥೆಯನ್ನೇ ಹೇಳುತ್ತಾರೆ. ಅದರ ಪಕ್ಕದಲ್ಲೇ ಇನ್ನೊಂದು ಕಥೆ ನಡೆದುಕೊಂಡು ಬಂದಿದೆ. ಅದು ಆಟದ ಕವಚದ ಕಥೆ. ಶತ್ರುವಿನ ಏಟನ್ನು ತಡೆಯುವುದು ಅದರ ಕೆಲಸವಲ್ಲ. ತೊಟ್ಟವನ ಮೈಗೆ ಭಾರವಾಗಬಾರದು, ಕಿಸೆಗೆ ಭಾರವಾಗಬಾರದು, ದೂರದಿಂದ ನೋಡಿದವರಿಗೆ ಉಕ್ಕೆಂದೇ ತೋರಬೇಕು, ಅಷ್ಟೇ. ಈ ಕಥೆಯ ಇತ್ತೀಚಿನ ಅಧ್ಯಾಯ ನಡೆಯುತ್ತಿರುವುದು ಮನೆಯ ಪಡಸಾಲೆಯಲ್ಲಿ. ಅದರ ಸಾಮಗ್ರಿ, ಮಕ್ಕಳು ಬಿದ್ದರೆ ಪೆಟ್ಟಾಗದಿರಲೆಂದು ನೆಲಕ್ಕೆ ಹಾಸುವ ಮೆತ್ತನೆಯ ಫೋಮ್ ಚಾಪೆ.

ಪಡಸಾಲೆಗೆ ಬರುವ ಮುನ್ನ ಆಟದ ಕವಚ ಬಹುಕಾಲ ವೃತ್ತಿಯವರ ಕೈಯಲ್ಲಿತ್ತು. ಸಿನಿಮಾ ಬಂದ ಮೇಲಂತೂ ನೂರಾರು ಸೈನಿಕರಿಗೆ ಒಟ್ಟಿಗೆ ಕವಚ ತೊಡಿಸುವ ಪ್ರಮೇಯ ಬಂತು. ಲಾರೆನ್ಸ್ ಒಲಿವಿಯರ್ ನಿರ್ದೇಶಿಸಿದ 'ಹೆನ್ರಿ ದಿ ಫಿಫ್ತ್' ಚಿತ್ರ ತೆರೆಗೆ ಬಂದದ್ದು 1944ರಲ್ಲಿ, ಎರಡನೆಯ ಮಹಾಯುದ್ಧದ ನಡುವೆ. ಲೋಹವೆಲ್ಲ ನಿಜವಾದ ಯುದ್ಧಕ್ಕೆ ಹೋಗುತ್ತಿದ್ದ ಕಾಲ. ಆ ಚಿತ್ರದ ಸರಪಳಿ ಅಂಗಿಗಳು ದಪ್ಪ ನೂಲಿನಿಂದ ಹೆಣೆದು ಅಲ್ಯೂಮಿನಿಯಂ ಬಣ್ಣ ಬಳಿದವು. ಆರು ದಶಕಗಳ ನಂತರ 'ಲಾರ್ಡ್ ಆಫ್ ದಿ ರಿಂಗ್ಸ್' ಚಿತ್ರಗಳಿಗಾಗಿ ನ್ಯೂಜಿಲೆಂಡಿನ ವೇಟಾ ಕಾರ್ಯಾಗಾರದವರು ಪ್ಲಾಸ್ಟಿಕ್ ಪೈಪನ್ನು ಬಳೆಗಳಂತೆ ಕತ್ತರಿಸಿ, ಕೋಟಿಗೂ ಮೀರಿದ ಬಳೆಗಳನ್ನು ಕೈಯಿಂದಲೇ ಕೊಂಡಿ ಹಾಕಿ ಅಂಗಿ ಮಾಡಿದರು. ಹಣವಿದ್ದ ಕಂಪನಿಗಳಿಗೂ ಉಕ್ಕು ಬೇಡವಾಗಿತ್ತು ಎಂಬುದನ್ನು ಗಮನಿಸಬೇಕು.

ಹಣವಿಲ್ಲದ ಪ್ರೇಕ್ಷಕ ತಾನೇ ವೇಷ ಮಾಡಿಕೊಂಡು ಬಂದ ದಿನ ಯಾವುದು? ಬಹಳ ಮಂದಿ ಬೊಟ್ಟು ಮಾಡುವುದು 1939ರ ಜುಲೈ ತಿಂಗಳಿಗೆ. ನ್ಯೂಯಾರ್ಕಿನಲ್ಲಿ ವೈಜ್ಞಾನಿಕ ಕಥೆಗಳ ಅಭಿಮಾನಿಗಳ ಮೊದಲ ವಿಶ್ವ ಸಮ್ಮೇಳನ ನಡೆದಾಗ ಲಾಸ್ ಏಂಜಲೀಸ್‌ನಿಂದ ಬಂದ ಫಾರೆಸ್ಟ್ ಅಕರ್ಮನ್ ಮತ್ತು ಮರ್ಟಲ್ ಡಗ್ಲಸ್ ಭವಿಷ್ಯದ ಮನುಷ್ಯರ ಉಡುಪಿನಲ್ಲಿ ಕಾಣಿಸಿಕೊಂಡರು. ಅಕರ್ಮನ್ ಮುಂದೆ ಪ್ರಸಿದ್ಧನಾದ. ಈ ಪ್ರಸಂಗ ಬಂದಾಗಲೆಲ್ಲ ಅವನ ಹೆಸರೇ ಮೊದಲು ಬಂತು. ಆದರೆ ಎರಡೂ ಉಡುಪುಗಳನ್ನು ಯೋಚಿಸಿ ಹೊಲಿದವಳು ಮರ್ಟಲ್. ಅವಳ ಹೆಸರನ್ನು ಮುಂದಕ್ಕೆ ತರಲು ಅಭಿಮಾನಿಗಳೇ ಹಲವು ದಶಕ ತೆಗೆದುಕೊಂಡರು. ಸೂಜಿ ಹಿಡಿದವರಿಗಿಂತ ತೊಟ್ಟು ನಿಂತವರನ್ನು ಲೋಕ ನೆನಪಿಡುವುದು ಹೊಸ ಸಂಗತಿಯೇನಲ್ಲ.

ಇಂಥ ಸಮ್ಮೇಳನಗಳು ಬೆಳೆದವು. 1980ರ ದಶಕದ ಆರಂಭದಲ್ಲಿ ಜಪಾನಿನ ನೊಬುಯುಕಿ ತಾಕಾಹಾಶಿ ಎಂಬವರು ಈ ಹವ್ಯಾಸಕ್ಕೆ, ಕಾಸ್ಟ್ಯೂಮ್ ಮತ್ತು ಪ್ಲೇ ಎಂಬ ಎರಡು ಇಂಗ್ಲಿಷ್ ಪದಗಳನ್ನು ಮೊಟಕುಗೊಳಿಸಿ ಸೇರಿಸಿ, 'ಕೊಸುಪುರೆ' ಎಂಬ ಹೆಸರಿಟ್ಟರು. ಅದೇ ಇಂದು ಎಲ್ಲೆಡೆ ಕೇಳಿಬರುವ 'ಕಾಸ್‌ಪ್ಲೇ'. ಅಂದಹಾಗೆ, ಜಪಾನಿನಲ್ಲಿ ಮೇ 5ರ ಮಕ್ಕಳ ಹಬ್ಬಕ್ಕೆ ದಿನಪತ್ರಿಕೆಯ ಹಾಳೆಯನ್ನು ಮಡಚಿ ಸಮುರಾಯ್ ಶಿರಸ್ತ್ರಾಣ ಮಾಡಿ ಮಕ್ಕಳ ತಲೆಗಿಡುವ ರೂಢಿಯಿದೆ. ಆಟದ ಕವಚ ಇದಕ್ಕಿಂತ ಅಗ್ಗವಾಗುವುದು ಸಾಧ್ಯವಿಲ್ಲ; ಈ ಪುಟವನ್ನು ಓದಿ ಮುಗಿಸಿದವರೂ ಪ್ರಯತ್ನಿಸಬಹುದು.

1977ರಲ್ಲಿ 'ಸ್ಟಾರ್ ವಾರ್ಸ್' ಬಂತು. ಅದರಲ್ಲಿ ಬಿಳಿ ಕವಚದ ಸ್ಟಾರ್ಮ್‌ಟ್ರೂಪರ್ ಎಂಬ ಸೈನಿಕರಿದ್ದಾರೆ. ಅವರ ಶಿರಸ್ತ್ರಾಣಗಳನ್ನು ತಯಾರಿಸಿದ್ದು ಲಂಡನ್ ಸಮೀಪದ ಟ್ವಿಕನ್‌ಹ್ಯಾಮ್‌ನ ಆಂಡ್ರ್ಯೂ ಐನ್ಸ್‌ವರ್ತ್. ಕಾಯಿಸಿದ ಪ್ಲಾಸ್ಟಿಕ್ ಹಾಳೆಯನ್ನು ಅಚ್ಚಿನ ಮೇಲಿಟ್ಟು, ಗಾಳಿಯನ್ನು ಕೆಳಗಿನಿಂದ ಹೀರಿ ಆಕಾರ ಬರಿಸುವ ಕೆಲಸ ಅದು. 2004ರಲ್ಲಿ ಆತ ಅದೇ ಬಗೆಯ ಶಿರಸ್ತ್ರಾಣಗಳನ್ನು ಮಾಡಿ ಮಾರತೊಡಗಿದಾಗ ಚಿತ್ರ ತಯಾರಿಸಿದ ಲುಕಾಸ್‌ಫಿಲ್ಮ್ ಕಂಪನಿ ಮೊಕದ್ದಮೆ ಹೂಡಿತು. ಅಮೆರಿಕದ ನ್ಯಾಯಾಲಯ 2 ಕೋಟಿ ಡಾಲರ್ ಪರಿಹಾರ ಕೊಡುವಂತೆ ಹೇಳಿತು. ವ್ಯಾಜ್ಯ ಇಂಗ್ಲೆಂಡಿಗೆ ಬಂದು, ಕೊನೆಗೆ ಅಲ್ಲಿನ ಸುಪ್ರೀಂ ಕೋರ್ಟಿನ ಮುಂದೆ ನಿಂತ ಪ್ರಶ್ನೆ ವಿಚಿತ್ರವಾಗಿತ್ತು: ಈ ಶಿರಸ್ತ್ರಾಣ ಶಿಲ್ಪವೇ, ಅಲ್ಲವೇ?

ಶಿಲ್ಪವಾದರೆ ಅದಕ್ಕೆ ಕಲಾಕೃತಿಗೆ ಸಲ್ಲುವ ದೀರ್ಘಕಾಲದ ಹಕ್ಕುಸ್ವಾಮ್ಯವುಂಟು. ಅಲ್ಲವಾದರೆ ಕೈಗಾರಿಕಾ ವಿನ್ಯಾಸಕ್ಕೆ ಸಿಗುವ 15 ವರ್ಷದ ರಕ್ಷಣೆ ಮಾತ್ರ. ಆ ಅವಧಿ ಎಂದೋ ಮುಗಿದಿತ್ತು. 2011ರ ಜುಲೈ 27ರಂದು ಬಂದ ತೀರ್ಪು ಅದು ಶಿಲ್ಪವಲ್ಲ ಎಂದಿತು. ಕಲಾಕೃತಿ ಎನ್ನುವುದಿದ್ದರೆ ಅದು ಚಲನಚಿತ್ರ; ಶಿರಸ್ತ್ರಾಣ ಆ ಚಿತ್ರದ ತಯಾರಿಕೆಯಲ್ಲಿ ಬಳಕೆಯಾದ ಒಂದು ಉಪಕರಣ ಎಂಬುದು ನ್ಯಾಯಾಧೀಶರ ತರ್ಕ. ಐನ್ಸ್‌ವರ್ತ್ ಇಂಗ್ಲೆಂಡಿನಲ್ಲಿ ಕೆಲಸ ಮುಂದುವರಿಸಬಹುದಾಯಿತು, ಆದರೆ ಅಮೆರಿಕದ ಹಕ್ಕುಸ್ವಾಮ್ಯ ಉಲ್ಲಂಘಿಸಿದ ದೂರನ್ನು ಇಂಗ್ಲೆಂಡಿನಲ್ಲೇ ಎದುರಿಸಬೇಕಾಯಿತು. ಗೆದ್ದವನಿಗೂ ಒಂದು ನೋವು ಉಳಿದಿರಬೇಕು: ತನ್ನ ಕೈಕೆಲಸ ಕಲೆಯಲ್ಲ ಎಂದು ಸಾಧಿಸಿಯೇ ಅವನು ಗೆಲ್ಲಬೇಕಾಗಿತ್ತು.

ಮಾರದೆ, ತಾವೇ ತೊಡಲು ಮಾಡಿಕೊಳ್ಳುವ ಅಭಿಮಾನಿಗಳ ಮಾತು ಬೇರೆ. 1997ರಲ್ಲಿ ಅಮೆರಿಕದ ಸೌತ್ ಕೆರೊಲಿನಾದ ಆಲ್ಬಿನ್ ಜಾನ್ಸನ್ ಕಟ್ಟಿದ '501ನೇ ಲೀಜನ್' ಎಂಬ ಬಳಗದವರು ಇಂಥ ಬಿಳಿ ಕವಚ ತೊಟ್ಟು ಆಸ್ಪತ್ರೆಯ ಮಕ್ಕಳನ್ನು ನೋಡಲು, ಸಹಾಯಾರ್ಥ ಕಾರ್ಯಕ್ರಮಗಳಿಗೆ ಹೋಗುತ್ತಾರೆ. 2019ರಲ್ಲಿ ಬಂದ 'ಮ್ಯಾಂಡಲೋರಿಯನ್' ಧಾರಾವಾಹಿಯ ಚಿತ್ರೀಕರಣದಲ್ಲಿ ಸೈನಿಕರ ಉಡುಪು ಸಾಲದೇ ಬಂದಾಗ ತಯಾರಕರು ಈ ಬಳಗದವರನ್ನೇ ಅವರವರ ಸ್ವಂತ ಕವಚದೊಂದಿಗೆ ಕರೆಸಿಕೊಂಡರು.

ಆದರೆ ಪ್ಲಾಸ್ಟಿಕ್ ಕವಚಕ್ಕೆ ಅಚ್ಚು ಬೇಕು, ಯಂತ್ರ ಬೇಕು. ಒಬ್ಬನೇ ಕುಳಿತು ಒಂದೇ ಒಂದನ್ನು ಮಾಡಿಕೊಳ್ಳುವ ದಾರಿ ತೆರೆದದ್ದು ಇನ್ನೊಂದು ಕಡೆಯಿಂದ. 2001ರಲ್ಲಿ ಬಂದ 'ಹೇಲೋ' ಎಂಬ ವಿಡಿಯೊ ಆಟದ ನಾಯಕ ಅಡಿಯಿಂದ ಮುಡಿಯವರೆಗೆ ಹಸಿರು ಕವಚದವನು. ಅವನಂತಾಗಲು ಹೊರಟ ಅಭಿಮಾನಿಗಳಿಗೆ ಜಪಾನಿನ 'ಪೆಪಾಕುರ' ಎಂಬ ಕಂಪ್ಯೂಟರ್ ತಂತ್ರಾಂಶ ಕೈಗೆ ಸಿಕ್ಕಿತು. ಅದು ಯಾವುದೇ ಉಬ್ಬುತಗ್ಗಿನ ಆಕೃತಿಯನ್ನು ಬಿಚ್ಚಿ, ಚಪ್ಪಟೆ ಕಾಗದದ ತುಂಡುಗಳಾಗಿ ಮುದ್ರಿಸಿ ಕೊಡುತ್ತದೆ. ಕತ್ತರಿಸಿ ಅಂಟಿಸಿದರೆ ಕಾಗದದ ಕವಚ ಸಿದ್ಧ. ಅದನ್ನು ಗಟ್ಟಿಯಾಗಿಸಲು ಮೇಲೆ ರಾಳ, ಒಳಗೆ ಗಾಜಿನ ನಾರು, ಅದರ ಮೇಲೆ ಗ್ಯಾರೇಜಿನವರು ಕಾರಿನ ತಗ್ಗಿಗೆ ಮೆತ್ತುವ ಪುಟ್ಟಿ, ಆಮೇಲೆ ದಿನಗಟ್ಟಲೆ ಉಪ್ಪು ಕಾಗದದಲ್ಲಿ ಉಜ್ಜುವುದು. ರಾಳದ ಆವಿ ತಲೆ ಸುತ್ತಿಸುವಂಥದ್ದು, ಗಾಜಿನ ನಾರಿನ ಧೂಳು ಶ್ವಾಸಕೋಶಕ್ಕೆ ಕೆಟ್ಟದ್ದು. ಮನೆಯಲ್ಲಿ ಮಾಡುವ ಕೆಲಸವೇ ಅಲ್ಲ. ಆಟದ ವೀರನಾಗಲು ಹೋಗಿ ನಿಜವಾದ ಕೆಮ್ಮು ತಂದುಕೊಳ್ಳುವುದು ಯಾರಿಗೆ ಬೇಕು? ಆ ದಶಕ ಮುಗಿಯುವ ಹೊತ್ತಿಗೆ ಅದೇ ಕಾಗದದ ನಕ್ಷೆಗಳನ್ನು ಫೋಮ್ ಮೇಲಿಟ್ಟು ಕತ್ತರಿಸುವವರು ಹೆಚ್ಚಾದರು.

ಈ ಫೋಮಿನ ಪೂರ್ಣ ಹೆಸರು ಎಥಿಲೀನ್ ವಿನೈಲ್ ಅಸಿಟೇಟ್, ಬಳಕೆಯಲ್ಲಿ ಇವಿಎ. 1970ರ ದಶಕದಲ್ಲಿ ಓಟದ ಬೂಟಿನ ಅಟ್ಟೆಗೆ ಬಂದ ಇದು ಇಂದು ಚಪ್ಪಲಿಯಲ್ಲಿ, ವ್ಯಾಯಾಮದ ಚಾಪೆಯಲ್ಲಿ, ಅಂಚಿನ ಹಲ್ಲುಗಳನ್ನು ಒಂದಕ್ಕೊಂದು ಸಿಕ್ಕಿಸಿ ನೆಲಕ್ಕೆ ಹಾಸುವ ಬಣ್ಣದ ಚೌಕಗಳಲ್ಲಿ ಇದೆ. ಇದರೊಳಗೆಲ್ಲ ಗಾಳಿಯ ಸಣ್ಣ ಸಣ್ಣ ಕೋಣೆಗಳು. ಪ್ರತಿಯೊಂದೂ ಬಾಗಿಲು ಮುಚ್ಚಿದ್ದು. ಆದ್ದರಿಂದ ಹಗುರ, ನೀರು ಹೀರುವುದಿಲ್ಲ. ಇನ್ನೊಂದು ಗುಣವೇ ಮುಖ್ಯವಾದುದು. ಕಾಯಿಸಿದರೆ ಮೆತ್ತಗಾಗುತ್ತದೆ, ಬಗ್ಗಿಸಿ ಹಿಡಿದು ಆರಲು ಬಿಟ್ಟರೆ ಆ ಬಾಗು ಹಾಗೇ ನಿಲ್ಲುತ್ತದೆ. ಕಮ್ಮಾರ ಕುಲುಮೆಯಲ್ಲಿ ಮಾಡುವುದನ್ನು ಇಲ್ಲಿ ಬಿಸಿಗಾಳಿ ಊದುವ ಹೀಟ್ ಗನ್ ಮಾಡುತ್ತದೆ.

ಕೆಲಸ ಶುರುವಾಗುವುದು ಅಳತೆಯಿಂದ, ಅದೂ ದರ್ಜಿಯ ಅಳತೆಗಿಂತ ಕಟ್ಟುನಿಟ್ಟಾಗಿ. ತೊಡುವವರ ಮೈಗೆ ತೆಳು ಪ್ಲಾಸ್ಟಿಕ್ ಹಾಳೆ ಸುತ್ತಿ, ಅದರ ಮೇಲೆ ಟೇಪು ಅಂಟಿಸುತ್ತಾರೆ. ಕವಚದ ಗೆರೆಗಳನ್ನು ಆ ಟೇಪಿನ ಮೇಲೆ ಪೆನ್ನಿನಿಂದ ಬರೆದು, ಗೆರೆಯುದ್ದಕ್ಕೂ ಜಾಗರೂಕತೆಯಿಂದ ಕತ್ತರಿಸಿ ಬಿಡಿಸಿದರೆ ಎದೆ, ಬೆನ್ನು, ಭುಜ ಎಲ್ಲದರ ನಕ್ಷೆ ಸಿಗುತ್ತದೆ. ಹುಟ್ಟುವಾಗಲೇ ಮೈಗೊಪ್ಪುವ ಕವಚವಿದ್ದದ್ದು ಕರ್ಣನೊಬ್ಬನಿಗೆ. ಉಳಿದವರು ಈ ಪಾಡು ಪಡಲೇಬೇಕು. ಚಪ್ಪಟೆ ಫೋಮಿನಿಂದ ಎದೆಯ ಉಬ್ಬು ಬರಿಸುವ ಉಪಾಯವೂ ದರ್ಜಿಯದೇ. ರವಿಕೆಗೆ ಟಕ್ಸ್ ಹಿಡಿಯುವಂತೆ ಬೇಕಾದಲ್ಲಿ ಬೆಣೆಯಾಕಾರದ ತುಂಡು ತೆಗೆದು ಅಂಚುಗಳನ್ನು ಕೂಡಿಸುತ್ತಾರೆ. ಶಿರಸ್ತ್ರಾಣದ ಗುಂಡು ಬರುವುದು ಸುಲಿದ ಕಿತ್ತಳೆ ಸಿಪ್ಪೆಯ ಎಸಳುಗಳನ್ನು ಮತ್ತೆ ಜೋಡಿಸಿದ ಹಾಗೆ. ಕಟರಿನ ಅಲಗು ಮೊಂಡಾದರೆ ಅಂಚು ಹರಿದು ಜೂಲಾಗುತ್ತದೆ. ಅದಕ್ಕೇ ಪಳಗಿದವರು ಕತ್ತರಿಸುವುದಕ್ಕಿಂತ ಅಲಗು ಮಸೆಯುವುದರಲ್ಲೇ ಹೆಚ್ಚು ಹೊತ್ತು ಕಳೆಯುತ್ತಾರೆಂಬ ತಮಾಷೆಯಲ್ಲಿ ಸುಳ್ಳೇನೂ ಇಲ್ಲ.

ಅಂಟಿಗೆ ಚಪ್ಪಲಿ ರಿಪೇರಿಯವರ ಸಲ್ಯೂಷನ್ ಜಾತಿಯದೇ ಬೇಕು. ಎರಡೂ ಅಂಚಿಗೆ ಹಚ್ಚಿ, ಕೈಗೆ ಅಂಟದಷ್ಟು ಒಣಗಲು ಬಿಟ್ಟು, ಆಮೇಲೆ ಒತ್ತಬೇಕು. ಒಮ್ಮೆ ಕೂಡಿದರೆ ಬಿಡಿಸುವ ಮಾತಿಲ್ಲ. ಅವಸರದವರು ಕಲಿಯುವ ಮೊದಲ ಪಾಠವಿದು. ಈ ಅಂಟಿನ ವಾಸನೆಯೂ ಒಳ್ಳೆಯದಲ್ಲ. ಕಿಟಕಿ ತೆರೆದಿರಬೇಕು, ಉಜ್ಜುವಾಗ ಮೂಗಿಗೆ ಮುಖಗವಸಿರಬೇಕು. ಮೇಲ್ಮೈಯ ರಂಧ್ರಗಳನ್ನು ಬಿಸಿಗಾಳಿಯಿಂದ ಮುಚ್ಚಿ, ಮರಗೆಲಸದ ಬಿಳಿ ಫೆವಿಕಾಲನ್ನೋ ರಬ್ಬರಿನಂಥ ಲೇಪವನ್ನೋ ಕೆಲವು ಪದರ ಕೊಟ್ಟು ಬಣ್ಣ ಬಳಿಯುತ್ತಾರೆ. ಮೊದಲು ಕಪ್ಪು, ಅದರ ಮೇಲೆ ಬೆಳ್ಳಿ. ಮೂಲೆಗಳಲ್ಲಿ ಕಪ್ಪು ಉಳಿಯಬೇಕು, ಅಂಚುಗಳಲ್ಲಿ ಬೆಳ್ಳಿ ಮಿಂಚಬೇಕು. ಹಳೆಯ ಲೋಹ ಕಾಣುವುದೇ ಹಾಗೆ. ಕೊನೆಗೆ ಕೆಲವರು, ಇಷ್ಟೆಲ್ಲ ನಯ ಮಾಡಿದ ಎದೆಗವಚಕ್ಕೆ ಬೇಕೆಂದೇ ಕಚ್ಚು ಹಾಕಿ ಕತ್ತಿಯೇಟಿನ ಗುರುತು ಮೂಡಿಸುತ್ತಾರೆ. ಎಂದೂ ನಡೆಯದ ಯುದ್ಧದ ಗಾಯ ಅದು.

ಹದಿನೈದನೆಯ ಶತಮಾನದ ಯೂರೋಪಿನ ಪೂರ್ಣ ಉಕ್ಕಿನ ಕವಚ 15ರಿಂದ 25 ಕಿಲೋ ತೂಗುತ್ತಿತ್ತು. ಫೋಮಿನದು ಕೆಲವೇ ಕಿಲೋ. ಇದೇ ಲೆಕ್ಕವನ್ನು ಕರಾವಳಿಯ ಯಕ್ಷಗಾನದವರು ತಮ್ಮದೇ ರೀತಿಯಲ್ಲಿ ಬಿಡಿಸಿದ್ದಾರೆ. ಕಿರೀಟ, ಭುಜಕೀರ್ತಿ, ಎದೆಕಟ್ಟುಗಳನ್ನು ಹಗುರ ಮರದಲ್ಲಿ ಕೆತ್ತಿ, ಮೇಲೆ ಬೇಗಡೆ ಅಂಟಿಸಿ, ಕನ್ನಡಿ ಚೂರು ಕೂರಿಸುತ್ತಾರೆ. ದೀಪದ ಬೆಳಕಿನಲ್ಲಿ ಅದು ಚಿನ್ನವೇ. ಗಟ್ಟಿ ಲೋಹವಾಗಿದ್ದರೆ ಅರ್ಜುನ ಗಿರಕಿ ಹೊಡೆಯುವುದಿರಲಿ, ಬೆಳಗಿನವರೆಗೆ ನಿಲ್ಲುವುದೂ ಕಷ್ಟವಾಗುತ್ತಿತ್ತು.

ಭಾರತದ ಮೊದಲ ಕಾಮಿಕ್ ಕಾನ್ 2011ರಲ್ಲಿ ದೆಹಲಿಯಲ್ಲಿ ನಡೆಯಿತು. ಮುಂದಿನ ವರ್ಷಗಳಲ್ಲಿ ಬೆಂಗಳೂರಿಗೂ ಬಂತು. ಅಲ್ಲಿ ಫೋಮ್ ಕವಚ ತೊಟ್ಟು ಬರುವ ಕಾಲೇಜು ಹುಡುಗ ಹುಡುಗಿಯರ ನಿಜವಾದ ಶತ್ರು ಸೆಕೆ. ಗಾಳಿಯಾಡದ ಫೋಮಿನೊಳಗೆ ಬೆವರು ಹರಿಯುತ್ತದೆ. ಶಿರಸ್ತ್ರಾಣದೊಳಗೆ ಕಂಪ್ಯೂಟರಿನ ಪುಟ್ಟ ಫ್ಯಾನು ಕೂರಿಸಿಕೊಳ್ಳುವವರಿದ್ದಾರೆ. ಮೊಣಕೈ, ಭುಜದ ಮಡಿಕೆಗಳಲ್ಲಿ ಬಣ್ಣ ಬಿರಿಯುತ್ತದೆ, ಜನಜಂಗುಳಿಯಲ್ಲಿ ಯಾರೋ ತಾಗಿ ಒಂದು ತುಂಡು ಕಳಚುತ್ತದೆ. ಆದ್ದರಿಂದ ಚೀಲದಲ್ಲಿ ಅಂಟು, ಟೇಪು, ಪಿನ್ನುಗಳು ಇದ್ದೇ ಇರುತ್ತವೆ. ಜೊತೆಗೊಬ್ಬ ಗೆಳೆಯನೋ ತಂಗಿಯೋ ಬಂದಿರುತ್ತಾರೆ. ಉಕ್ಕಿನ ಕಾಲದಲ್ಲಿ ವೀರನಿಗೆ ಕವಚ ತೊಡಿಸಲು ಒಬ್ಬ ಪರಿಚಾರಕ ಬೇಕಿತ್ತು. ಫೋಮಿನ ಕಾಲದಲ್ಲೂ ಬೆನ್ನ ಹಿಂದಿನ ಬಕಲ್ಲಿಗೆ ತೊಟ್ಟವರ ಕೈ ಎಟಕುವುದಿಲ್ಲ.