ಕತ್ತಿಯ ಬಾಯಿ: ಡೊಂಕು ಮತ್ತು ನೇರ

ಖಡ್ಗಕ್ಕೆ ಎಷ್ಟು ಶಾಸನ, ಎಷ್ಟು ವೀರಗಲ್ಲು, ಎಷ್ಟು ಕಾವ್ಯ! ಕ್ಷೌರದ ಕತ್ತಿಗೆ ಏನಿದೆ ಅಂತ ಹುಡುಕಬೇಕು. ಖಡ್ಗ ಕಂಡ ಕೊರಳುಗಳಿಗಿಂತ ಈ ಕತ್ತಿ ಕಂಡ ಕೊರಳುಗಳೇ ಹೆಚ್ಚು. ಕೊಲ್ಲದೆ ಬಿಟ್ಟಿತಲ್ಲ, ಅದಕ್ಕೇ ಇರಬೇಕು ಚರಿತ್ರೆಯ ಮೇಷ್ಟ್ರುಗಳು ಅದನ್ನು ಮುಟ್ಟಲಿಲ್ಲ.

ಈ ಕತ್ತಿಯಲ್ಲಿ ಎರಡು ಜಾತಿ. ಜಾತಿ ಅಂತ ಬರೆಯೋದಕ್ಕೆ ಕೈ ಬರಲ್ಲ. ಎರಡು ಬಗೆ ಅನ್ನೋಣ. ಒಂದರ ಬಾಯಿ ಬಿಲ್ಲಿನ ಹಾಗೆ ಹೊರಕ್ಕೆ ಬಾಗಿರುತ್ತೆ. ಇನ್ನೊಂದರದು ಅಡಿಪಟ್ಟಿ ಇಟ್ಟು ಗೆರೆ ಎಳೆದಷ್ಟು ನೇರ. ಇಂಗ್ಲೆಂಡಿನ ಶೆಫೀಲ್ಡಿನಲ್ಲಿ 18ನೇ ಶತಮಾನದ ಕೊನೆ ಮತ್ತು 19ನೇ ಶತಮಾನದ ಮೊದಲಲ್ಲಿ ಆದ ಕತ್ತಿಗಳಲ್ಲಿ ಬಾಗಿದ ಬಾಯಿಯವು ಬಹಳ. ಅಲ್ಲಿಯವರು ಇದನ್ನು 'ನಗುವ ಬಾಯಿ' ಅಂತಾರೆ.

ನಗುವ ಬಾಯಿ ಚರ್ಮಕ್ಕೆ ಒಂದು ಸಲಕ್ಕೆ ತಾಗಿಸೋದು ತನ್ನ ಒಂದು ಚೂರನ್ನು ಮಾತ್ರ. ದವಡೆ ಕೆಳಗಿನ ಗುಳಿ, ಬತ್ತಿದ ಕೆನ್ನೆ, ಗಂಟಲುಮಣಿಯ ಸುತ್ತ, ಇಲ್ಲೆಲ್ಲ ಅದು ಸಲೀಸಾಗಿ ಇಳಿಯುತ್ತೆ. ಆದರೆ ಮಸೆಯೋದು ಕಷ್ಟ. ಕಲ್ಲು ಚಪ್ಪಟೆ, ಬಾಯಿ ಡೊಂಕು. ಕೈಯನ್ನು ಹೊರಳಿಸುತ್ತ ಹಿಡಿಯಿಂದ ತುದಿಯವರೆಗೆ ಒಂದೊಂದೇ ಅಂಗುಲವನ್ನು ಕಲ್ಲಿಗೆ ಒಪ್ಪಿಸಬೇಕು. ನೇರ ಕತ್ತಿಗೆ ಈ ಗೋಳಿಲ್ಲ. ಬೆನ್ನು, ಬಾಯಿ ಎರಡನ್ನೂ ಕಲ್ಲಿಗೆ ಅಂಟಿಸಿ ಎಳೆದರಾಯ್ತು. ಬೆನ್ನೂ ಬಾಯಿಯ ಜೊತೆ ಜೊತೆಗೇ ಸವೆಯೋದ್ರಿಂದ ವರ್ಷಗಟ್ಟಲೆ ಮಸೆದರೂ ಕೋನ ಹೆಚ್ಚು ಕೆಡಲ್ಲ.

ಎಲ್ಲ ಡೊಂಕೂ ಮಾಡಿದವನ ಮನಸ್ಸಿನಿಂದ ಬಂದದ್ದಲ್ಲ. ನಡುವೆ ಗುಳಿಬಿದ್ದ ಕಲ್ಲಿನ ಮೇಲೆ ಹತ್ತು ವರ್ಷ ತಿಕ್ಕಿದರೆ ನೇರ ಬಾಯಿಯೂ ಬಿಲ್ಲಾಗುತ್ತೆ. ಒತ್ತು ತಪ್ಪಿ ಬಾಯಿಯ ನಡುವೆಯೇ ಹಳ್ಳ ಬಿದ್ದರೆ ಮಾತ್ರ ಆ ಕತ್ತಿ ಕೆಟ್ಟಿತು. ಆಮೇಲೆ ಎರಡು ಮೂಲೆಗಳೇ ಚರ್ಮವನ್ನು ಕಚ್ಚುತ್ತವೆ.

ಇನ್ನು ಉಕ್ಕಿನ ಮಾತು. ಶೆಫೀಲ್ಡಿನ ಬೆಂಜಮಿನ್ ಹಂಟ್ಸ್‌ಮನ್ 1740ರ ಸುಮಾರಿಗೆ ಮೂಸೆಯಲ್ಲಿ ಉಕ್ಕು ಕರಗಿಸೋದನ್ನು ಕಂಡುಕೊಂಡ ಅಂತ ಪುಸ್ತಕಗಳು ಹೇಳುತ್ತವೆ. ಸರಿ. ಆದರೆ ನಮ್ಮ ಸೀಮೆಯಲ್ಲಿ ಕಬ್ಬಿಣದ ಚೂರನ್ನು ತಂಗಡಿ ಕಡ್ಡಿ, ಹಸಿರೆಲೆಗಳ ಜೊತೆ ಮಣ್ಣಿನ ಮೂಸೆಗೆ ಹಾಕಿ, ಬಾಯಿ ಮೆತ್ತಿ, ತಿದಿ ಊದಿ ಉಕ್ಕು ಮಾಡೋದು ಅದಕ್ಕೂ ಎಷ್ಟೋ ಶತಮಾನ ಮೊದಲಿನದು. 1800-01ರಲ್ಲಿ ಮೈಸೂರು ಸೀಮೆ ಸುತ್ತಿದ ಫ್ರಾನ್ಸಿಸ್ ಬುಕಾನನ್ ಮಾಗಡಿ, ಮಧುಗಿರಿ ಕಡೆಯ ಕುಲುಮೆಗಳನ್ನು ನೋಡಿ ಬರೆದಿಟ್ಟ. ಬೊಂಬಾಯಿಯಿಂದ ಹೆಲೆನಸ್ ಸ್ಕಾಟ್ ಎಂಬ ವೈದ್ಯ ಈ ಉಕ್ಕಿನ ಗಟ್ಟಿಗಳನ್ನು ಲಂಡನ್ನಿಗೆ ಕಳಿಸಿದ; 1795ರಲ್ಲಿ ಜಾರ್ಜ್ ಪಿಯರ್‌ಸನ್ ಅದರ ಮೇಲೆ ಪ್ರಬಂಧ ಓದಿದ. ಅವರ ನಾಲಗೆಗೆ ಸಿಕ್ಕ ಹೆಸರು 'ವೂಟ್ಜ್'. ನಮ್ಮ 'ಉಕ್ಕು' ಹೋಗಿ ಹಾಗಾಯಿತು ಅನ್ನೋದು ಬಹಳ ಜನರ ಮತ. ಲಂಡನ್ನಿನ ಜೇಮ್ಸ್ ಸ್ಟೋಡಾರ್ಟ್ ಹರಿತದ ಸಾಮಾನು ಮಾಡುವವನು. ಯುರೋಪಿನ ಒಳ್ಳೆಯ ಉಕ್ಕಿಗಿಂತ ಇದೇ ಮೇಲು ಅಂತ ತನ್ನ ಅಂಗಡಿಯ ಚೀಟಿಯಲ್ಲೇ ಅಚ್ಚು ಹಾಕಿಸಿದ್ದ. ಅವನೂ ಮೈಕೆಲ್ ಫ್ಯಾರಡೆಯೂ ಸೇರಿ ಉಕ್ಕಿನ ಮಿಶ್ರಲೋಹಗಳ ಮೇಲೆ 1820ರಲ್ಲಿ ಒಂದು, 1822ರಲ್ಲಿ ಇನ್ನೊಂದು ಪ್ರಬಂಧ ಪ್ರಕಟಿಸಿದರು. ಫ್ಯಾರಡೆಯ ಹೆಸರು ನಮ್ಮ ಹೈಸ್ಕೂಲ್ ಪುಸ್ತಕದಲ್ಲಿದೆ. ತಿದಿ ಊದಿದವನ ಹೆಸರು ಬುಕಾನನ್ನನಿಗೂ ಬೇಕಾಗಲಿಲ್ಲ.

ಶೆಫೀಲ್ಡಿನಲ್ಲೂ ಅಷ್ಟೇ, ಗೆಳೆಯರೆ. ಕತ್ತಿಯ ಮೇಲೆ ಯಜಮಾನನ ಮುದ್ರೆ; ಸಾಣೆ ಹಿಡಿದವನ ಗುರುತೇ ಇಲ್ಲ. ಅವನು ಚಕ್ರದ ಮೇಲೆ ಎದೆ ಹೊಟ್ಟೆ ಮುದುಡಿ ಬಾಗಿ ಕೂತು, ಕಲ್ಲಿನ ಧೂಳನ್ನೂ ಉಕ್ಕಿನ ಧೂಳನ್ನೂ ಉಸಿರಾಡಿದ. ಡಾಕ್ಟರ್ ನೈಟ್ ಕೊಟ್ಟ ಲೆಕ್ಕವನ್ನು ಎಂಗೆಲ್ಸ್ 1845ರ ತನ್ನ ಪುಸ್ತಕದಲ್ಲಿ ಎತ್ತಿ ಬರೆದಿದ್ದಾನೆ. ಆ ಊರಲ್ಲಿ ಸಾಣೆಯವರು ಸುಮಾರು 2,500 ಜನ. ಒಣಗಲ್ಲಿನಲ್ಲಿ ಫೋರ್ಕು ಉಜ್ಜುವವರು 28ರಿಂದ 32 ವರ್ಷದೊಳಗೆ ಸಾಯ್ತಿದ್ದರು. ಒಣಗಲ್ಲು, ನೀರುಗಲ್ಲು ಎರಡರಲ್ಲೂ ದುಡಿಯುವ ಕ್ಷೌರದ ಕತ್ತಿಯವರು 40ರಿಂದ 45ರೊಳಗೆ. ಧೂಳು ತಡೆಯುವ ಸಾಧನಗಳು ಬಂದಿದ್ದವು. ಕೆಲವು ಕಡೆ ಸಾಣೆಯವರೇ ಅವನ್ನು ಒಡೆದುಹಾಕಿದರು. ಯಾಕೆ? ಕಸುಬಲ್ಲಿ ಸಾವು ಕಡಿಮೆಯಾದರೆ ಹೊಸಬರು ನುಗ್ಗುತ್ತಾರೆ, ಕೂಲಿ ಇಳಿಯುತ್ತೆ ಅಂತ! ಇದನ್ನು ಓದಿ ನನಗೆ ಪುಸ್ತಕ ಮುಚ್ಚಿಡಬೇಕು ಅನ್ನಿಸ್ತು. ಸಾವನ್ನೇ ಕೂಲಿಗೆ ಕಾವಲು ನಿಲ್ಲಿಸಿಕೊಂಡ ಜನ ಅವರು.

19ನೇ ಶತಮಾನ ಮುಂದುವರಿದ ಹಾಗೆ ಜರ್ಮನಿಯ ಸೋಲಿಂಗೆನ್ ಮುಂದೆ ಬಂತು. ಹಳೆಯ ಶೆಫೀಲ್ಡ್ ಕತ್ತಿ ಬೆಣೆಯ ಹಾಗೆ ದಪ್ಪ. ಹೊಸದನ್ನು ಸಣ್ಣ ಚಕ್ರದ ಮೇಲೆ ಎರಡೂ ಪಕ್ಕ ಒಳಕ್ಕೆ ಕೊರೆದು ತೆಳ್ಳಗೆ ಮಾಡಿದರು. ಚಕ್ರ ಸಣ್ಣದಾದಷ್ಟೂ ಹಳ್ಳ ಆಳ. ನೇರ ಬಾಯಿ ಮೇಲುಗೈ ಪಡೆದದ್ದು ಈ ದಿನಗಳಲ್ಲೇ. ಕಾರಣ ನನಗೆ ತೋರುವುದು ಇಷ್ಟು: ಕ್ಷೌರಿಕನನ್ನು ಕರೆಸುತ್ತಿದ್ದ ಸಾಹೇಬ ತಾನೇ ಕ್ಷೌರ ಮಾಡಿಕೊಳ್ಳತೊಡಗಿದ. ಫ್ರಾನ್ಸಿನ ಪೆರೆ ಎಂಬ ಕಸುಬುದಾರ ಇದನ್ನು ಕಲಿಸೋಕೆ 1769ರಲ್ಲೇ ಪುಸ್ತಕ ಬರೆದಿದ್ದ. ಸಾಹೇಬನಿಗೆ ಕೈ ಹೊರಳಿಸಿ ಮಸೆಯುವ ವಿದ್ಯೆ ಎಲ್ಲಿಂದ ಬರಬೇಕು? ಅವನಿಗೆ ನೇರವೇ ಅನುಕೂಲ.

ನಮ್ಮ ಕಡೆ ಆ ವಿದ್ಯೆ ಕೆಲಸಿಯ ಕೈಯಲ್ಲೇ ಉಳೀತು. ಕಲ್ಲಿಗೆ ಮಸೆದು, ಚರ್ಮದ ಪಟ್ಟಿಗೆ ಹಿಂದೆ ಮುಂದೆ ಎಳೆದು, ಅಂಗೈಗೆ ಸವರಿ ನೋಡುತ್ತಿದ್ದ. ಊರೆಲ್ಲ ಅವನಿಗೆ ಕೆನ್ನೆ ಕೊಟ್ಟಿತು. ಬೆಳಗಾಗ ಎದುರು ಬಂದರೆ ಅಪಶಕುನ ಅಂದಿತು. ಅವನ ಕಸುಬಿನ ಹೆಸರನ್ನೇ ಬೈಗುಳ ಮಾಡಿಕೊಂಡಿತು. ಆ ಚರ್ಮದ ಪಟ್ಟಿ ಹದ ಮಾಡಿದ್ದು ನಮ್ಮ ಕೇರಿ. ಅದರ ಮೇಲೆ ಹರಿದಾಡಿದ ಕತ್ತಿ ಗೌಡರ ಕೆನ್ನೆಗೂ ಶಾನುಭೋಗರ ತಲೆಗೂ ಹೋಯ್ತು, ನಮ್ಮಪ್ಪನ ಗಡ್ಡಕ್ಕೆ ಬರಲಿಲ್ಲ. ನಮ್ಮೋರ ಗಡ್ಡ ನಮ್ಮೋರೇ ಬೋಳಿಸಿಕೊಳ್ಳಬೇಕಿತ್ತು.

ಕಿಂಗ್ ಜಿಲೆಟ್ 1904ರಲ್ಲಿ ಪೇಟೆಂಟ್ ಪಡೆದ ತೆಳು ಬ್ಲೇಡನ್ನು ಮಸೆಯಬೇಕಾಗಿಯೇ ಇಲ್ಲ. ಏಡ್ಸ್‌ನ ಭಯ ಹರಡಿದ ಮೇಲೆ ನಮ್ಮ ಅಂಗಡಿಗಳಲ್ಲೂ ಹಳೆಯ ಕತ್ತಿ ಮೂಲೆ ಸೇರಿ, ಬ್ಲೇಡನ್ನು ಎರಡು ಭಾಗ ಮಾಡಿ ಅರ್ಧ ಸಿಕ್ಕಿಸುವ ಹಿಡಿ ಬಂತು. ಬಾಯಿ ಪೂರ್ತಿ ನೇರ. ಒಬ್ಬರಿಗೆ ಹಾಕಿದ್ದು ಇನ್ನೊಬ್ಬರಿಗಿಲ್ಲ. ಮೈಲಿಗೆ ಮಾತಾಡೋರಿಗೆ ಈಗ ನೆಪವೂ ಇಲ್ಲ. ಆದರೂ 2020ರ ನವೆಂಬರಿನಲ್ಲಿ ನಂಜನಗೂಡು ತಾಲೂಕಿನ ಒಂದು ಹಳ್ಳಿಯ ಸುದ್ದಿ ಪತ್ರಿಕೆಗಳಲ್ಲಿ ಬಂತು. ದಲಿತರಿಗೆ ಕ್ಷೌರ ಮಾಡಿದ್ದಕ್ಕೆ ಕ್ಷೌರಿಕನ ಮನೆಗೆ ಬಹಿಷ್ಕಾರ, 50,000 ರೂಪಾಯಿ ದಂಡ. ದೂರು ಹೊತ್ತು ಅಲೆದವನು ಆ ಕ್ಷೌರಿಕನೇ.