ಎರಡು ಗಾಜುಗಳ ನಡುವಿನ ಗಾಳಿ

ಬಾಸ್ಟನ್ನಿಗೆ ಸಮೀಪದ ವೂಬರ್ನ್ ಊರಿನಲ್ಲಿ 1753ರಲ್ಲಿ ಹುಟ್ಟಿದ ಬೆಂಜಮಿನ್ ಥಾಂಪ್ಸನ್‌ನ ಹೆಸರು ಅಮೆರಿಕದಲ್ಲಿ ಫ್ರಾಂಕ್ಲಿನ್‌ನಷ್ಟು ಕೇಳಿಬರುವುದಿಲ್ಲ. ಸ್ವಾತಂತ್ರ್ಯ ಸಮರದಲ್ಲಿ ಆತ ಬ್ರಿಟಿಷರ ಪರ. ಅವರಿಗೆ ಗುಟ್ಟಾಗಿ ಸುದ್ದಿ ಮುಟ್ಟಿಸಿದವನು. 1776ರಲ್ಲಿ ಹೆಂಡತಿ, ಮಗಳನ್ನು ಇಲ್ಲೇ ಬಿಟ್ಟು ಲಂಡನ್ನಿಗೆ ಹೋದ. ಆಮೇಲೆ ಬವೇರಿಯಾದ ದೊರೆಯ ಸೇವೆಗೆ ಸೇರಿ ಕೌಂಟ್ ರಮ್‌ಫರ್ಡ್ ಎನಿಸಿಕೊಂಡ. ಅವನನ್ನು ಸಜ್ಜನ ಎನ್ನಲು ನನಗೆ ಮನಸ್ಸಿಲ್ಲ. ಆದರೂ ಮ್ಯಾಸಚೂಸೆಟ್ಸ್‌ನ ಜನವರಿಯನ್ನು ಕಿಟಕಿಯ ಒಳಗಿನಿಂದ ನೋಡುವ ನಮ್ಮಂಥ ವಲಸಿಗರು ಅವನಿಗೆ ಋಣಿಗಳು.

ಬವೇರಿಯಾದ ಸೈನಿಕರಿಗೆ ಯಾವ ಬಟ್ಟೆ ಬೆಚ್ಚಗೆ? ಥರ್ಮಾಮೀಟರಿನ ಸುತ್ತ ಉಣ್ಣೆ, ರೇಷ್ಮೆ, ಹತ್ತಿ, ಮೊಲದ ತುಪ್ಪಳ ತುಂಬಿ, ಕುದಿನೀರಿನಲ್ಲಿ ಕಾಯಿಸಿ, ಮಂಜುಗಡ್ಡೆಯಲ್ಲಿಟ್ಟು, ಆರಲು ಹಿಡಿಯುವ ಹೊತ್ತನ್ನು ಅಳೆದ. ಬಿಸಿ ಕಾಯುವುದು ಕೂದಲಲ್ಲ, ಅದರೊಳಗೆ ಸಿಕ್ಕಿಬಿದ್ದ ಗಾಳಿ ಎಂದು 1792ರಲ್ಲಿ ಪ್ರಕಟಿಸಿದ. ನಮ್ಮ ಕುರುಬರ ಕಂಬಳಿಯ ಗುಟ್ಟೂ ಅದೇ.

ಇನ್ನೊಮ್ಮೆ, ಮದ್ಯಸಾರ ತುಂಬಿದ ದೊಡ್ಡ ಥರ್ಮಾಮೀಟರನ್ನು ಕಿಟಕಿಯಲ್ಲಿ ಆರಲಿಟ್ಟಿದ್ದ. ಬಿಸಿಲು ಬಿದ್ದಾಗ ಒಳಗಿನ ಧೂಳಿನ ಕಣಗಳು ಕಂಡವು: ನಡುವೆ ಮೇಲಕ್ಕೆ, ಅಂಚಿನಲ್ಲಿ ಕೆಳಕ್ಕೆ, ಒಂದೇ ಸಮನೆ ಓಡಾಟ. 1797ರ ಪ್ರಬಂಧದಲ್ಲಿ ಇದನ್ನು ಬಣ್ಣಿಸಿದ. ದ್ರವ, ಅನಿಲಗಳಲ್ಲಿ ಬಿಸಿ ಸಾಗುವುದೇ ಹೀಗೆ, ಬೇರೆ ದಾರಿಯಿಲ್ಲ ಎಂದೂ ಸಾಧಿಸಿದ. ಅದು ಅತಿಯಾಯಿತು, ನಿಂತ ಗಾಳಿಯೂ ತುಸು ಬಿಸಿಯನ್ನು ದಾಟಿಸುತ್ತದೆ. 'ಕನ್ವೆಕ್ಷನ್' ಎಂಬ ಹೆಸರನ್ನು ವಿಲಿಯಂ ಪ್ರೌಟ್ ಕೊಟ್ಟದ್ದು 1834ರಲ್ಲಿ.

ಎರಡು ಗಾಜುಗಳನ್ನು ಅಂಚಿನಲ್ಲಿ ಮುಚ್ಚಿ ನಡುವೆ ಗಾಳಿ ಬಿಡುವ ಉಪಾಯಕ್ಕೆ ನ್ಯೂಯಾರ್ಕಿನ ಥಾಮಸ್ ಸ್ಟೆಟ್ಸನ್ 1865ರಲ್ಲಿ ಪೇಟೆಂಟ್ ಪಡೆದ. ಗಾಳಿ ಗಾಜಿಗಿಂತ ಸುಮಾರು 40 ಪಟ್ಟು ಕಡಿಮೆ ಬಿಸಿ ದಾಟಿಸುತ್ತದೆ. ಹಾಗಿದ್ದರೆ ನಡುವಿನ ಸಂದನ್ನು ಒಂದು ಗೇಣು ಮಾಡಬಾರದೇಕೆ? ಕಿಟಕಿ ಮಾರಲು ಬಂದವನೊಬ್ಬ ನನಗೆ ಹಾಗೆಯೇ ಹೇಳಿದ್ದ: ಅಗಲ ಹೆಚ್ಚಿದಷ್ಟೂ ಒಳ್ಳೆಯದು, ಸಾರ್. ಆದರೆ ಸುಮಾರು 15 ಮಿಲಿಮೀಟರ್ ದಾಟಿದ ಮೇಲೆ ಲಾಭವೇ ಇಲ್ಲ. ಕಿರಿದಾದ ಸಂದಿನಲ್ಲಿ ಗಾಳಿಯ ಸ್ನಿಗ್ಧತೆಯೇ ಅದನ್ನು ಹಿಡಿದಿಡುತ್ತದೆ; ಅಗಲವಾದರೆ ಬೆಚ್ಚನೆಯ ಗಾಜಿನ ಪಕ್ಕ ಮೇಲೇರಿ, ತಣ್ಣನೆಯದರ ಪಕ್ಕ ಇಳಿದು ರಾಟೆಯಂತೆ ಸುತ್ತುತ್ತ ಮನೆಯ ಬಿಸಿಯನ್ನು ಹೊರಗೆ ಹೊತ್ತು ಹಾಕುತ್ತದೆ. ಇಂಥ ಮುಚ್ಚಿದ ಸಂದಿನ ಲೆಕ್ಕವನ್ನು ಕೇಂಬ್ರಿಜ್‌ನ ಜಾರ್ಜ್ ಬ್ಯಾಚೆಲರ್ 1954ರಲ್ಲಿ ಬಿಡಿಸಲೆತ್ನಿಸಿದ.

ನಮ್ಮದು ಹಳೆಯ ಮನೆ. ಹಳೆ ಕಿಟಕಿಗೂ ಹೊರಗಿನ ಗಾಜಿಗೂ ನಡುವೆ ನಾಲ್ಕು ಬೆರಳು ಜಾಗ. ಹೀಟಿಂಗ್ ಬಿಲ್ಲು ಕಂಡು ಒಂದು ರಾತ್ರಿ ಆ ಸಂದಿಗೆ ಊದುಬತ್ತಿಯ ಹೊಗೆ ಬಿಟ್ಟು, ಟಾರ್ಚ್ ಹಾಕಿ ನೋಡಿದೆ. ಒಳಗಾಜಿಗೆ ಒತ್ತಿಕೊಂಡು ಹೊಗೆ ಏರಿತು, ಮೇಲೆ ತಿರುಗಿತು, ಹೊರಗಾಜಿನ ಉದ್ದಕ್ಕೂ ಇಳಿದು ಮತ್ತೆ ನನ್ನ ಕಡೆಗೇ ಬಂತು.